ಹಕ್ಕಿ, ಹುಳುಗಳಿಗೆ ಕತ್ತಲು ಉಳಿಸುವ ಹೊರದೀಪ: ಮಲೆನಾಡು, ಕರಾವಳಿಯ ಮನೆ ಮತ್ತು ಹೋಂಸ್ಟೇಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ಜಗಲಿ ಗುಡಿಸುವವರಿಗೆ ಗೊತ್ತು, ಒಂದೇ ಬಲ್ಬಿನ ಕೆಳಗೆ ಈಚಲು ಹುಳುಗಳ ರೆಕ್ಕೆ ಎಷ್ಟು ರಾಶಿ ಬಿದ್ದಿರುತ್ತದೆ ಎಂದು. ಹಿಂದೆ ಅಲ್ಲಿದ್ದದ್ದು 40 ವಾಟಿನ ಹಳದಿ ಬಲ್ಬು. ಊಟ ಮುಗಿದ ಮೇಲೆ ಆರಿಸಿಬಿಡುತ್ತಿದ್ದರು. ಈಗ ಅದೇ ಜಾಗದಲ್ಲಿ 50 ವಾಟಿನ ಬಿಳಿ ಎಲ್‌ಇಡಿ ಫ್ಲಡ್‌ಲೈಟು ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತದೆ. ಹಳೆಯ ಬಲ್ಬಿನ ಬೆಳಕು ಸುಮಾರು 400 ಲೂಮೆನ್, ಫ್ಲಡ್‌ಲೈಟಿನದು ಸುಮಾರು 5000. ವಾಟು ಅಷ್ಟೇನೂ ಏರದ ಕಾರಣ ಈ ಹನ್ನೆರಡು ಪಟ್ಟು ಹೆಚ್ಚಳ ಹೆಚ್ಚಿನವರ ಗಮನಕ್ಕೇ ಬಂದಿಲ್ಲ.

ಕಾಡಂಚಿನ ಮನೆ, ಕಾಫಿ ತೋಟದ ಲೈನ್‌ಮನೆ, ಹೋಂಸ್ಟೇ, ಕಡಲತೀರದ ಕಟ್ಟಡ ಇಂಥವುಗಳ ಹೊರದೀಪವನ್ನು ಸರಿಪಡಿಸುವ ಕೆಲಸ ಇಲ್ಲಿದೆ. ಕೆಲಸದ ಅನುಕ್ರಮವೇ ಇದರಲ್ಲಿ ಮುಖ್ಯ: ಮೊದಲು ಬೇಡದ ದೀಪ ತೆಗೆಯುವುದು, ಆಮೇಲೆ ಮರೆ ಕಟ್ಟುವುದು, ಪ್ರಮಾಣ ಇಳಿಸುವುದು, ಹೊತ್ತು ಕಟ್ಟುವುದು, ಕೊನೆಗೆ ಬಣ್ಣ. ಬಹಳಷ್ಟು ಜನ ಬಿಳಿ ಬಲ್ಬು ತೆಗೆದು ಹಳದಿ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅಷ್ಟರಿಂದ ಏಕೆ ಸಾಲದು ಎಂಬುದು ಮುಂದೆ ಬರುತ್ತದೆ.

ಬೆಳಕು ಯಾರಿಗೆ ಏನು ಮಾಡುತ್ತದೆ

ಹುಳುಗಳು ದೀಪವನ್ನು ಚಂದ್ರನೆಂದು ತಪ್ಪು ತಿಳಿಯುತ್ತವೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. 2024ರಲ್ಲಿ ಪ್ರಕಟವಾದ ವೇಗದ ಕ್ಯಾಮರಾ ಅಧ್ಯಯನವೊಂದು ಬೇರೆಯದೇ ಕಾರಣ ತೋರಿಸಿತು. ಹಾರುವ ಹುಳು ತನ್ನ ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡು ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುತ್ತದೆ. ಬಯಲಿನ ರಾತ್ರಿಯಲ್ಲಿ ಆಕಾಶ ನೆಲಕ್ಕಿಂತ ಬೆಳಕಾಗಿರುವುದರಿಂದ ಆ ಲೆಕ್ಕ ಸರಿಹೋಗುತ್ತದೆ. ಪಕ್ಕದಲ್ಲಿ ದೀಪವಿದ್ದರೆ ಬೆನ್ನು ಅತ್ತ ವಾಲಿ ಹುಳು ಸುತ್ತು ಹೊಡೆಯತೊಡಗುತ್ತದೆ. ದೀಪ ಕೆಳಗಿನಿಂದ ಮೇಲಕ್ಕೆ ಬೆಳಗುತ್ತಿದ್ದರೆ ಮಗುಚಿ ನೆಲಕ್ಕೆ ಬೀಳುತ್ತದೆ. ಗಿಡಮರಗಳ ಬುಡದಲ್ಲಿ ಮೇಲ್ಮುಖವಾಗಿ ಹೂಳುವ ಅಲಂಕಾರದ ದೀಪ ಎಲ್ಲಕ್ಕಿಂತ ಕೆಟ್ಟದ್ದಾಗುವುದು ಇದರಿಂದಲೇ.

ಇದರ ಪರಿಣಾಮ ತೋಟಕ್ಕೂ ಮುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೀಪವಿಟ್ಟ ಜಾಗದ ಹೂಗಳಿಗೆ ರಾತ್ರಿಯ ಪರಾಗಸ್ಪರ್ಶಕಗಳ ಭೇಟಿ 62%ರಷ್ಟು ಕುಸಿದಿತ್ತು. ನಮ್ಮ ಹಿತ್ತಲಿನ ಪಪಾಯಿ ಹೂವಿಗೆ ಬರುವ ಮುಖ್ಯ ಅತಿಥಿ ಕೂಡ ಮುಸ್ಸಂಜೆಯ ದೊಡ್ಡ ಪತಂಗವೇ.

ವಲಸೆ ಹಕ್ಕಿಗಳಲ್ಲಿ ಹಲವು ಹಾರುವುದು ರಾತ್ರಿಯಲ್ಲಿ, ನಕ್ಷತ್ರ ಮತ್ತು ಭೂಮಿಯ ಕಾಂತಕ್ಷೇತ್ರದ ಆಧಾರದಿಂದ. ಮಂಜು ಅಥವಾ ಮೋಡ ಕೆಳಗಿಳಿದ ರಾತ್ರಿ ನಕ್ಷತ್ರ ಕಾಣದೆ, ಕೆಳಗಿನ ಬೆಳಕು ಮಂಜಿನಲ್ಲಿ ಹರಡಿ ಗೂಡಿನಂತಾದಾಗ ಅದರೊಳಗೆ ಸಿಕ್ಕಿಕೊಂಡು ದಣಿಯುತ್ತವೆ. ಅಸ್ಸಾಮಿನ ಜಟಿಂಗಾದಲ್ಲಿ ಮಳೆಗಾಲ ಮುಗಿಯುವ ಹೊತ್ತಿನ, ಚಂದ್ರನಿಲ್ಲದ ಮಂಜಿನ ರಾತ್ರಿಗಳಲ್ಲಿ ಹಕ್ಕಿಗಳು ದೀಪಗಳಿಗೆ ಬಂದು ಬೀಳುವುದನ್ನು ‘ಹಕ್ಕಿಗಳ ಆತ್ಮಹತ್ಯೆ’ ಎಂದು ಕರೆದರು. ಅದು ಆತ್ಮಹತ್ಯೆಯಲ್ಲ, ದಿಕ್ಕು ತಪ್ಪಿದ ಹಕ್ಕಿಗಳ ಸಾವು. ಷಿಕಾಗೊದ ಮೆಕಾರ್ಮಿಕ್ ಪ್ಲೇಸ್ ಎಂಬ ಒಂದೇ ಗಾಜಿನ ಕಟ್ಟಡಕ್ಕೆ 2023ರ ಅಕ್ಟೋಬರ್‌ನ ಒಂದೇ ರಾತ್ರಿಯಲ್ಲಿ ಸುಮಾರು ಸಾವಿರ ಹಕ್ಕಿಗಳು ಬಡಿದು ಸತ್ತವು. ಭರವಸೆಯ ಸಂಗತಿಯೂ ಇದೆ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ಸ್ಮರಣೆಗೆ ಆಕಾಶಕ್ಕೆ ಬಿಡುವ ಬೆಳಕಿನ ಕಂಬಗಳನ್ನು ಏಳು ವರ್ಷಗಳ ಏಳು ರಾತ್ರಿ ಗಮನಿಸಿದವರು ಸುಮಾರು 11 ಲಕ್ಷ ಹಕ್ಕಿಗಳು ಅದರ ಪ್ರಭಾವಕ್ಕೆ ಸಿಕ್ಕವೆಂದು ಅಂದಾಜಿಸಿದರು. ಆದರೆ ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿದಿದ್ದವು. ನೀರಿನ ಮಾಲಿನ್ಯವನ್ನಾಗಲಿ ಗಾಳಿಯ ಮಾಲಿನ್ಯವನ್ನಾಗಲಿ ಹೀಗೆ ಸ್ವಿಚ್ಚು ಒತ್ತಿ ನಿಲ್ಲಿಸಲಾಗದು.

ಕರ್ನಾಟಕದಲ್ಲಿ ಇದನ್ನು ತೋರಿಸಿಕೊಡುವ ಹಕ್ಕಿ ನವರಂಗ. ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ರಾತ್ರಿ ಹಾರಿ ಬರುವ ಇದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ದಣಿದು, ಬೆಳಗುತ್ತಿರುವ ಮನೆಯೊಳಗೇ ಬಂದು ಕೂತದ್ದುಂಟು.

ಹಂತ 1: ಕತ್ತಲಲ್ಲಿ ನಡೆದು ಪಟ್ಟಿ ಮಾಡಿ

ಅಮಾವಾಸ್ಯೆಯ ಹತ್ತಿರದ ದಿನ ರಾತ್ರಿ ಒಂಬತ್ತಕ್ಕೆ ಎಲ್ಲ ಹೊರದೀಪ ಹಾಕಿ. ಮನೆಯಿಂದ ಮೂವತ್ತು ಹೆಜ್ಜೆ ದೂರ ನಿಂತು ಸುತ್ತು ಬನ್ನಿ. ಪ್ರತಿ ದೀಪಕ್ಕೂ ಐದು ವಿಷಯ ಬರೆದುಕೊಳ್ಳಿ: ಜಾಗ, ವಾಟು, ಬಲ್ಬಿನ ಮೇಲೆ ಅಚ್ಚಾದ ಕೆಲ್ವಿನ್ ಅಂಕಿ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ), ಯಾರು ಎಷ್ಟು ಹೊತ್ತಿಗೆ ಬಳಸುತ್ತಾರೆ, ನಿಂತಲ್ಲಿಂದ ಬಲ್ಬು ನೇರ ಕಣ್ಣಿಗೆ ಬೀಳುತ್ತದೆಯೇ. ಕೊನೆಯ ಪ್ರಶ್ನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಕಣ್ಣಿಗೆ ಅಷ್ಟು ದೂರದಿಂದ ಬಲ್ಬು ಕಂಡರೆ ಪತಂಗಕ್ಕೂ ಕಂಡೇ ಕಾಣುತ್ತದೆ.

ಆಮೇಲೆ ಎಲ್ಲವನ್ನೂ ಆರಿಸಿ ಇಪ್ಪತ್ತು ನಿಮಿಷ ಹೊರಗೇ ಕೂತಿರಿ, ಮೊಬೈಲ್ ನೋಡಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಆಗ ಅಂಗಳದ ಯಾವ ಭಾಗ ನಿಜಕ್ಕೂ ಕಾಣುವುದಿಲ್ಲ, ಯಾವುದು ದೀಪವಿಲ್ಲದೆಯೂ ಕಾಣುತ್ತದೆ ಎಂದು ಗೊತ್ತಾಗುತ್ತದೆ.

ಹಂತ 2: ಬೇಡದ್ದನ್ನು ತೆಗೆಯಿರಿ

ಗೇಟಿನ ಕಂಬದ ಮೇಲಿನ ಬಿಳಿ ಗೋಲದೀಪ, ಮರದ ಬುಡದ ಮೇಲ್ಮುಖ ದೀಪ, ಕೊಂಬೆಗೆ ಸುತ್ತಿದ ಸೀರಿಯಲ್ ಸೆಟ್ಟು, ಕೆರೆ ಅಥವಾ ಹಳ್ಳದ ಕಡೆ ತಿರುಗಿದ ಫ್ಲಡ್‌ಲೈಟು: ಈ ನಾಲ್ಕನ್ನು ಸರಿಪಡಿಸುವ ಗೋಜಿಗೆ ಹೋಗದೆ ಕಳಚಿಬಿಡಿ. ಗೋಲದೀಪದ ಬೆಳಕಿನಲ್ಲಿ ಅರ್ಧದಷ್ಟು ನೆಲಕ್ಕೆ ಬೀಳುವುದೇ ಇಲ್ಲ. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ ರಾತ್ರಿ ತಂಗುವ ಮರವಿದ್ದರೆ, ಬಾವಲಿಗಳು ಹೊರಬೀಳುವ ಸೂರಿನ ಸಂದು ಅಥವಾ ಪೊಟರೆ ಇದ್ದರೆ, ಅದರ ಮೇಲೆ ಯಾವ ದೀಪದ ಬೆಳಕೂ ಬೀಳಬಾರದು. ಬಾಗಿಲಲ್ಲಿ ಬೆಳಕಿದ್ದರೆ ಬಾವಲಿಗಳು ಹೊರಡುವುದು ತಡವಾಗುತ್ತದೆ. ಹುಳುಗಳು ಹೆಚ್ಚು ಹಾರುವ ಮುಸ್ಸಂಜೆಯ ಹೊತ್ತು ಅವುಗಳ ಪಾಲಿಗೆ ತಪ್ಪಿಹೋಗುತ್ತದೆ.

ಹಂತ 3: ಮರೆ ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದೇ, ಹೆಚ್ಚು ತಪ್ಪಾಗುವುದೂ ಇಲ್ಲೇ.

ಮೊದಲು ಫ್ಲಡ್‌ಲೈಟು. ಇದರ ಬೆಳಕು ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಅಗಲಕ್ಕೆ ಹರಡುತ್ತದೆ, ಅಂದರೆ ನಡುಗೆರೆಯ ಎರಡೂ ಬದಿಗೆ ಸುಮಾರು 60 ಡಿಗ್ರಿ. ಗಾಜು ನೇರ ನೆಲ ನೋಡುವ ಸ್ಥಿತಿಯಿಂದ 30 ಡಿಗ್ರಿ ಎತ್ತಿದರೂ ಸಾಕು, ಬೆಳಕಿನ ಅಂಚು ದಿಗಂತ ಮುಟ್ಟುತ್ತದೆ. ಅದಕ್ಕಿಂತ ಎತ್ತಿದ್ದೆಲ್ಲ ಆಕಾಶಕ್ಕೆ, ಎದುರಿನ ಕಾಡಿಗೆ. ಬ್ರಾಕೆಟ್ಟಿನ ನಟ್ಟು ಸಡಿಲಿಸಿ ಗಾಜು ನೆಲಕ್ಕೆ ಸಮಾನಾಂತರವಾಗುವಂತೆ ಇಳಿಸಿ ಮತ್ತೆ ಬಿಗಿಯಿರಿ. ಗೋಡೆಗೆ ತಾಗಿ ಅಷ್ಟು ಇಳಿಯದಿದ್ದರೆ 15 ಸೆಂ.ಮೀ. ಉದ್ದದ ಎಲ್ ಆಕಾರದ ಪಟ್ಟಿಯಿಂದ ದೀಪವನ್ನು ಗೋಡೆಯಿಂದ ಹೊರಗೆ ತನ್ನಿ.

ಬಲ್ಬಿಗಾದರೆ ಕೆಳಗೆ ತೆರೆದ ತಗಡಿನ ಟೋಪಿ ಬೇಕು. ಅದರ ಅಂಚು ಬಲ್ಬಿನ ತುದಿಗಿಂತ ಎಷ್ಟು ಕೆಳಗಿಳಿಯಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ:

ಇಳಿತ = (ಟೋಪಿಯ ಬಾಯಿಯ ಅರ್ಧ ಅಗಲ + ಬಲ್ಬಿನ ಅರ್ಧ ಅಗಲ) × ದೀಪದ ಎತ್ತರ ÷ ಬೆಳಕು ಮುಟ್ಟಬೇಕಾದ ದೂರ

ಟೋಪಿಯ ಬಾಯಿ 20 ಸೆಂ.ಮೀ., ಬಲ್ಬು 5 ಸೆಂ.ಮೀ. ಅಗಲ, ದೀಪ ನೆಲದಿಂದ 2.5 ಮೀಟರ್ ಎತ್ತರ, ಬೆಳಕು 3 ಮೀಟರ್ ದೂರದಲ್ಲಿ ನಿಲ್ಲಬೇಕು ಎನ್ನಿ. (10 + 2.5) × 2.5 ÷ 3, ಅಂದರೆ ಸುಮಾರು ಹತ್ತೂವರೆ ಸೆಂ.ಮೀ. ಬಲ್ಬಿನ ಅರ್ಧ ಅಗಲ ಸೇರಿಸುವುದನ್ನು ಮರೆತರೆ ಬಲ್ಬಿನ ಆಚೆ ಬದಿಯಿಂದ ಹೊರಟ ಬೆಳಕು ಅಂಚಿನಡಿ ನುಸುಳಿ ದೂರ ಹೋಗುತ್ತದೆ.

ಬೇಕಾಗುವ ಸಾಮಾನು: 0.5 ಮಿ.ಮೀ. ಅಲ್ಯೂಮಿನಿಯಂ ಅಥವಾ ಜಿ.ಐ. ತಗಡು, ತಗಡು ಕತ್ತರಿ, ಪಾಪ್ ರಿವೆಟ್, ಮಂಕು ಕಪ್ಪು ಬಣ್ಣ. ಕರಾವಳಿಯಲ್ಲಿ ಅಲ್ಯೂಮಿನಿಯಮ್ಮನ್ನೇ ಬಳಸಿ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಉಪ್ಪುಗಾಳಿಗೆ ಜಿ.ಐ. ತಗಡು ಬೇಗ ಹಾಳಾಗುತ್ತದೆ. ಕೊಳವೆಯಂತೆ ಸುತ್ತಿ ರಿವೆಟ್ ಹೊಡೆದು, ಒಳಗೋಡೆಗೆ ಕಪ್ಪು ಬಣ್ಣ ಬಳಿಯಿರಿ. ಬಿಳಿ ಒಳಗೋಡೆ ಇದ್ದರೆ ಬಲ್ಬು ಮರೆಯಾದರೂ ಟೋಪಿಯ ಒಳಮೈ ತಾನೇ ಬೆಳಗಿ ದೂರಕ್ಕೆ ಕಾಣುತ್ತದೆ. ಮೇಲ್ಭಾಗವನ್ನು ಪೂರ್ತಿ ಮುಚ್ಚಬೇಡಿ. ಎಲ್‌ಇಡಿ ಬಲ್ಬಿನ ಒಳಗಿನ ಸರ್ಕ್ಯೂಟು ಸಾಯುವುದು ಬಿಸಿಯಿಂದ. ಮೇಲೆ ಎರಡು ಸೆಂ.ಮೀ. ಸಂದು ಬಿಟ್ಟು, ಅದರ ಮೇಲೆ ಇನ್ನೂ ಅಗಲದ ಮುಚ್ಚಳ ಕೂರಿಸಿದರೆ ಬಿಸಿ ಹೋಗುತ್ತದೆ, ಬೆಳಕೂ ಮಳೆಯೂ ತಡೆಯುತ್ತದೆ. ತಗಡಿನ ಟೋಪಿಗೆ ಅರ್ಥಿಂಗ್ ವೈರು ಕೊಡಿಸಲೇಬೇಕು. ಮೈನ್ ಆಫ್ ಮಾಡದೆ ಹೋಲ್ಡರ್ ಮುಟ್ಟಬೇಡಿ, ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಹಂತ 4: ಪ್ರಮಾಣ

ನೆಲಕ್ಕೆ ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಹುಣ್ಣಿಮೆಯ ಬೆಳಕು ನೆಲದ ಮೇಲೆ 0.3 ಲಕ್ಸ್ ಕೂಡ ದಾಟುವುದಿಲ್ಲ. ಆ ಬೆಳಕಿನಲ್ಲಿ ನಾವು ದಾರಿ ನಡೆಯುತ್ತೇವೆ. ಮೂರು ವಾಟಿನ ಬಲ್ಬು ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ಅದರ ಕೆಳಗಿನ ನೆಲಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೆಳಕು ಬೀಳುತ್ತದೆ. ಆದ್ದರಿಂದ ಮೆಟ್ಟಿಲು, ಬಾಗಿಲು, ಬಚ್ಚಲಿನ ದಾರಿಗೆ ಮರೆ ಕಟ್ಟಿದ 3 ವಾಟ್ ಸಾಕು. ಕಾಫಿ ಕಣದಲ್ಲೋ ಅಡಿಕೆ ಸುಲಿಯುವ ಚಪ್ಪರದಲ್ಲೋ ಕೆಲಸಕ್ಕೆ ಹೆಚ್ಚು ಬೆಳಕು ಬೇಕು. ಅದಕ್ಕೆ ಬೇರೆ ಸ್ವಿಚ್ಚಿನ ದೀಪ ಇರಲಿ, ಕೆಲಸ ಮುಗಿದೊಡನೆ ಆರಲಿ.

ಬೆಳಕು ಕಡಿಮೆಯಾದರೆ ಭದ್ರತೆ ಕಡಿಮೆಯಾಗುತ್ತದೆ ಎಂಬ ಆತಂಕ ಸಹಜವೇ. ಆದರೆ ಕಣ್ಣಿಗೆ ಹೊಡೆಯುವ ದೀಪದ ಹಿಂದಿನ ನೆರಳಲ್ಲಿ ಯಾರಿದ್ದಾರೆ, ಏನಿದೆ ಎಂದು ಕಾಣುವುದಿಲ್ಲ. ಮರೆ ಕಟ್ಟಿದ ಸಣ್ಣ ದೀಪದಲ್ಲಿ ನೆಲವೂ ಕಾಣುತ್ತದೆ, ಅಂಗಳದಾಚೆಯೂ ಕಾಣುತ್ತದೆ. ಇನ್ನೊಂದು ಮಾತು: ಬಾಗಿಲ ಬಳಿಯ ಪ್ರಖರ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಕಪ್ಪೆ ಬರುತ್ತದೆ, ಕಪ್ಪೆಗೆ ಹಾವು ಬರುತ್ತದೆ. ಹಾವಿನ ಭಯಕ್ಕೆ ದೊಡ್ಡ ದೀಪ ಹಾಕುವವರು ಇದನ್ನು ಯೋಚಿಸಬೇಕು. ಆನೆ ಓಡಾಡುವ ಕಡೆ ರಾತ್ರಿಯಿಡೀ ಉರಿಯುವ ದೀಪಕ್ಕಿಂತ, ಹೊರಗೆ ಕಾಲಿಡುವ ಮೊದಲು ಒಳಗಿನಿಂದಲೇ ಹಾಕಿ ನೋಡಬಹುದಾದ ದೀಪ ಮತ್ತು ಕೈಯಲ್ಲೊಂದು ಒಳ್ಳೆಯ ಟಾರ್ಚು ಉಪಯೋಗಕ್ಕೆ ಬರುತ್ತವೆ.

ಹಂತ 5: ಹೊತ್ತು ಮತ್ತು ಸೆನ್ಸರ್

ಜನ ಓಡಾಡುವಾಗ ಮಾತ್ರ ಬೇಕಾದ ದೀಪಕ್ಕೆ, ಚಲಿಸುವ ಮೈಯ ಬಿಸಿ ಗುರುತಿಸಿ ದೀಪ ಹತ್ತಿಸುವ ಪಿಐಆರ್ ಸೆನ್ಸರ್ ಹಾಕಿ. ನೆಲದಿಂದ 2.2ರಿಂದ 2.5 ಮೀಟರ್ ಎತ್ತರದಲ್ಲಿ, ನಡೆಯುವವರು ಸೆನ್ಸರಿನ ಎದುರು ಅಡ್ಡ ಹಾದುಹೋಗುವಂತೆ ಕೂರಿಸಬೇಕು. ನೇರ ಅದರ ಕಡೆಗೇ ನಡೆದು ಬರುವವರನ್ನು ಅದು ತಡವಾಗಿ ಗುರುತಿಸುತ್ತದೆ. ಉರಿಯುವ ಅವಧಿಯನ್ನು ಒಂದರಿಂದ ಒಂದೂವರೆ ನಿಮಿಷಕ್ಕೆ ಇಡಿ. ನ್ಯೂಟ್ರಲ್ ಸೇರಿ ಮೂರು ವೈರಿನ ಸೆನ್ಸರನ್ನೇ ಕೇಳಿ ತನ್ನಿ. ಎರಡು ವೈರಿನದಕ್ಕೆ ಸಣ್ಣ ಎಲ್‌ಇಡಿ ಹಾಕಿದರೆ ದೀಪ ಪೂರ್ತಿ ಆರದೆ ಮಿಣುಕುತ್ತಿರುತ್ತದೆ.

ಸೆನ್ಸರ್ ಸುಮ್ಮಸುಮ್ಮನೆ ಹತ್ತುತ್ತಿದ್ದರೆ ಮೊದಲು ಲೆನ್ಸ್ ಒರೆಸಿ. ಜೇಡರ ಬಲೆ, ಅದರ ಮೇಲೇ ಓಡಾಡುವ ಹಲ್ಲಿ, ಎದುರಿನ ಅಲ್ಲಾಡುವ ಕೊಂಬೆ ಇವೇ ಹೆಚ್ಚಿನ ಸಲ ಕಾರಣ. ಕಾಡಿನ ಕಡೆಯ ನೋಟವನ್ನು ಲೆನ್ಸಿನ ಆ ಬದಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಮುಚ್ಚಿ, ಇಲ್ಲದಿದ್ದರೆ ಪ್ರತಿ ಮುಳ್ಳುಹಂದಿಗೂ ಪುನುಗು ಬೆಕ್ಕಿಗೂ ದೀಪ ಹತ್ತುತ್ತದೆ. ಏಪ್ರಿಲ್–ಮೇಯಲ್ಲಿ ಕರಾವಳಿಯ ಸೆಖೆಯ ಸಂಜೆ ಮನುಷ್ಯರು ಬಂದರೂ ಹತ್ತದೆ ಹೋಗಬಹುದು. ಗಾಳಿಯ ಬಿಸಿ ಮೈಬಿಸಿಯ ಹತ್ತಿರ ಬಂದಾಗ ಸೆನ್ಸರಿಗೆ ವ್ಯತ್ಯಾಸ ಸಿಗುವುದಿಲ್ಲ. ಕರೆಂಟು ಹೋಗಿ ಬಂದ ಕೂಡಲೇ ಸ್ವಲ್ಪ ಹೊತ್ತು ತಾನಾಗಿ ಉರಿದರೆ ಅದು ದೋಷವಲ್ಲ.

ಹೋಂಸ್ಟೇಯ ದಾರಿದೀಪಗಳಿಗೆ ಟೈಮರ್ ಬೇಕಾದರೆ ಮುಳ್ಳು ತಿರುಗುವ ಅಗ್ಗದ ಟೈಮರ್ ತರಬೇಡಿ. ಕರೆಂಟು ಹೋದಾಗಲೆಲ್ಲ ಅದು ನಿಲ್ಲುತ್ತದೆ. ಮಲೆನಾಡಿನ ಜುಲೈಯಲ್ಲಿ ಒಂದೇ ವಾರಕ್ಕೆ ತಾಸುಗಟ್ಟಲೆ ಹಿಂದೆ ಬಿದ್ದು ನಡುಹಗಲು ದೀಪ ಉರಿಸುತ್ತದೆ. ಒಳಗೆ ಬ್ಯಾಟರಿ ಇರುವ, ಊರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ ಸೂರ್ಯಾಸ್ತದ ಸಮಯ ತಾನೇ ಲೆಕ್ಕ ಹಾಕುವ ಡಿಜಿಟಲ್ ಟೈಮರ್ ಕೊಳ್ಳಿ. ನಮ್ಮಲ್ಲಿ ನವೆಂಬರ್‌ಗೂ ಜುಲೈಗೂ ಸೂರ್ಯಾಸ್ತದಲ್ಲಿ ಸುಮಾರು ಒಂದು ತಾಸಿನ ವ್ಯತ್ಯಾಸವಿದೆ. ರಾತ್ರಿ ಹತ್ತಕ್ಕೆ ಆರುವಂತೆ ಇಡಿ, ಅತಿಥಿಗಳ ಕೋಣೆಯಲ್ಲಿ ಟಾರ್ಚು ಇಡಿ. ಕತ್ತಲಾದಾಗ ಹತ್ತುವ ಸೆನ್ಸರ್ ಒಂದನ್ನೇ ನೆಚ್ಚಿದರೆ ದೀಪ ಬೆಳಗಿನವರೆಗೂ ಉರಿಯುತ್ತದೆ. ಅದರ ಮೇಲೆ ಅದೇ ದೀಪದ ಬೆಳಕು ಬಿದ್ದರಂತೂ ಹತ್ತಿ ಆರಿ ಹತ್ತಿ ಆರಿ ಬಲ್ಬೇ ಹಾಳು.

ಹಂತ 6: ಬಣ್ಣ, ಈಗ

ಅಂಗಡಿಯವರು ಕೇಳದೆಯೇ ಕೊಡುವ ಬಿಳಿ ಬಲ್ಬು 6500 ಕೆಲ್ವಿನ್. ಅದರಲ್ಲಿ ನೀಲಿ ಹೆಚ್ಚು, ಹೆಚ್ಚಿನ ಹುಳುಗಳನ್ನು ಸೆಳೆಯುವುದು ಆ ನೀಲಿಯೇ. ‘ವಾರ್ಮ್ ವೈಟ್’ ಕೇಳಿ, ಡಬ್ಬಿಯ ಮೇಲೆ 2700 ಅಥವಾ ಅದಕ್ಕಿಂತ ಕಡಿಮೆ ಅಂಕಿ ಇದೆಯೇ ನೋಡಿ. 2200 ಸಿಕ್ಕರೆ ಇನ್ನೂ ಒಳ್ಳೆಯದು. ಬಿಳಿ ಬಲ್ಬಿಗೆ ಹಳದಿ ಸೆಲ್ಲೋಫೇನ್ ಸುತ್ತುವ ಉಪಾಯ ಬೇಡ. ಬಲ್ಬಿನ ಬಿಸಿಯನ್ನು ಹಿಡಿದಿಡುವುದಲ್ಲದೆ, ಬಿಸಿಲಿಗೆ ಬಣ್ಣ ಹಾರಿ ಕೆಲವೇ ವಾರಗಳಲ್ಲಿ ಅದರಿಂದ ಪ್ರಯೋಜನವಿರುವುದಿಲ್ಲ.

ಬಣ್ಣವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಎಲ್ಲ ಜೀವಿಗಳಿಗೂ ಒಪ್ಪುವ ಬಣ್ಣವೇ ಇಲ್ಲ. ಕೆಂಪು ಮತ್ತು ಕಡುಹಳದಿ ಹುಳುಗಳಿಗೂ ಕಡಲಾಮೆಗೂ ಕಡಿಮೆ ತೊಂದರೆ ಕೊಡುತ್ತವೆ. ಆದರೆ ನಿರಂತರ ಉರಿಯುವ ಕೆಂಪು ದೀಪ ಮೋಡದ ರಾತ್ರಿ ವಲಸೆ ಹಕ್ಕಿಯ ದಿಕ್ಕು ತಪ್ಪಿಸಬಲ್ಲದು. ಅಮೆರಿಕದಲ್ಲಿ ಎತ್ತರದ ಟವರುಗಳ ನಿರಂತರ ಕೆಂಪು ದೀಪ ತೆಗೆದು ಮಿನುಗುವ ದೀಪ ಮಾತ್ರ ಉಳಿಸಿದಾಗ ಹಕ್ಕಿಗಳ ಸಾವು ಅರ್ಧಕ್ಕೂ ಹೆಚ್ಚು ಇಳಿಯಿತು. ಮಿಂಚುಹುಳುವಿನ ಕತೆ ಇನ್ನೊಂದು ಬಗೆ. ಗಂಡು ಹೆಣ್ಣು ಪರಸ್ಪರ ಗುರುತಿಸುವುದು ಹಳದಿ-ಹಸಿರು ಮಿಂಚಿನಿಂದ, ಹಾಗಾಗಿ ನಮ್ಮ ಹಳದಿ ದೀಪವೂ ಅವಕ್ಕೆ ಅಡ್ಡಿಯೇ. ಮೇ–ಜೂನ್‌ನಲ್ಲಿ ತೋಟದಲ್ಲಿ ಮಿಂಚುಹುಳು ಏಳುವ ವಾರಗಳಲ್ಲಿ ಆರಿಸಿದ ದೀಪ ಒಂದೇ ಸರಿಯಾದ ದೀಪ. ನೋಡಲು ಬರುವ ಅತಿಥಿಗಳ ಟಾರ್ಚು, ಮೊಬೈಲಿಗೂ ಅದೇ ನಿಯಮ.

ಹಂತ 7: ಕಿಟಕಿ ಮತ್ತು ಗಾಜು

ರಾತ್ರಿ ಬೆಳಕಿಗೆ ಇಳಿದ ಹಕ್ಕಿ ಅಂಗಳದ ಗಿಡದಲ್ಲಿ ಉಳಿದು, ಬೆಳಗ್ಗೆ ಗಾಜಿನಲ್ಲಿ ಕಾಣುವ ಮರದ ಬಿಂಬಕ್ಕೆ ಹಾರಿ ಬಡಿಯುತ್ತದೆ. ಕಣಿವೆ ನೋಡಲೆಂದು ದೊಡ್ಡ ಗಾಜು ಹಾಕಿಸಿದ ಕೋಣೆಗಳಲ್ಲಿ ಸಂಜೆಯಾದೊಡನೆ ದಪ್ಪ ಪರದೆ ಎಳೆಯುವುದು ಅಭ್ಯಾಸವಾಗಲಿ. ಗಾಜಿನ ಹೊರಮೈಗೆ 6 ಮಿ.ಮೀ. ಅಥವಾ ದೊಡ್ಡ ಚುಕ್ಕಿಗಳನ್ನು ಅಡ್ಡಕ್ಕೂ ಉದ್ದಕ್ಕೂ 5 ಸೆಂ.ಮೀ. ಅಂತರದಲ್ಲಿ ಅಂಟಿಸಿ. ಒಳಗಿನಿಂದ ಅಂಟಿಸಿದರೆ ಬಿಂಬದಡಿ ಚುಕ್ಕಿ ಮುಚ್ಚಿಹೋಗುತ್ತದೆ. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಹಕ್ಕಿ ಅದರ ಪಕ್ಕದ ಗಾಜಿಗೇ ಬಡಿಯುತ್ತದೆ. ಮೇಲೆ ಹೇಳಿದ ಷಿಕಾಗೊ ಕಟ್ಟಡಕ್ಕೆ 2024ರಲ್ಲಿ ಇಂಥ ಚುಕ್ಕಿಯ ಹಾಳೆ ಅಂಟಿಸಿದ ಮೇಲೆ ಸಾವು ಸುಮಾರು 95%ರಷ್ಟು ಇಳಿದಿದೆ.

ಕಡಲತೀರದವರಿಗೆ ಇನ್ನಷ್ಟು

ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಮೊದಲಾದ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದಲ್ಲಿ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಸುಮಾರು 45ರಿಂದ 60 ದಿನಕ್ಕೆ ಮರಿ ಹೊರಬಂದು, ತಗ್ಗಿನಲ್ಲಿ ಎಲ್ಲಿ ಹೆಚ್ಚು ಬೆಳಕು ಕಾಣುತ್ತದೋ ಅತ್ತ ಸರಿಯುತ್ತದೆ. ಕತ್ತಲ ತೀರದಲ್ಲಿ ಅದು ಕಡಲೇ. ಬೆನ್ನ ಹಿಂದೆ ರಸ್ತೆ ದೀಪವೋ ರೆಸಾರ್ಟಿನ ದೀಪವೋ ಇದ್ದರೆ ಮರಿ ಅತ್ತ ನಡೆದು ನಾಯಿ, ಕಾಗೆಗಳ ಬಾಯಿಗೆ ಬೀಳುತ್ತದೆ. ನವೆಂಬರ್‌ನಿಂದ ಮೇವರೆಗೆ ಮರಳಿನಿಂದ ಕಾಣುವ ದೀಪ ಒಂದೂ ಇರಬಾರದು. ತೀರಾ ಬೇಕಾದಲ್ಲಿ 560 ನ್ಯಾನೋಮೀಟರಿಗಿಂತ ಉದ್ದದ ತರಂಗದ, ಅಂದರೆ ಅಪ್ಪಟ ಆಂಬರ್ ಅಥವಾ ಕೆಂಪು ಎಲ್‌ಇಡಿಯನ್ನು ಮರೆ ಕಟ್ಟಿ ಮೊಣಕಾಲೆತ್ತರಕ್ಕೆ ಇಡಿ. ಪರೀಕ್ಷಿಸುವಾಗ ನಿಂತು ನೋಡಿದರೆ ಸಾಲದು. ಅಲೆ ಮುಟ್ಟುವ ಗೆರೆಯಿಂದ ಮೇಲಿನ ಒಣಮರಳಿನಲ್ಲಿ ಮಲಗಿ, ಗಲ್ಲವನ್ನು ಮರಳಿಗೆ ತಾಗಿಸಿ ಮನೆಯ ಕಡೆ ನೋಡಿ. ಮರಿಗೆ ಕಾಣುವುದು ಆ ಎತ್ತರದಿಂದ.

ಕೊನೆಯ ತಪಾಸಣೆ, ಮತ್ತು ಹಕ್ಕಿ ಒಳಗೆ ಬಂದುಬಿಟ್ಟರೆ

ಕೆಲಸ ಮುಗಿದ ಮೇಲೆ ಹಂತ 1ರ ಸುತ್ತನ್ನು ಮತ್ತೆ ನಡೆಯಿರಿ. ಮೂವತ್ತು ಹೆಜ್ಜೆ ದೂರದಿಂದ ನೆಲ ಬೆಳಗಿರುವುದು ಕಾಣಬೇಕು, ಬಲ್ಬು ಕಾಣಬಾರದು. ಮಂಜು ಬಿದ್ದ ರಾತ್ರಿ ಇನ್ನೊಮ್ಮೆ ನೋಡಿ. ಮನೆಯ ಮೇಲೆ ಬೆಳಕಿನ ಗುಮ್ಮಟ ಕಂಡರೆ ಎಲ್ಲೋ ಒಂದು ದೀಪ ಮೇಲಕ್ಕೆ ಸೋರುತ್ತಿದೆ. ಸೆಪ್ಟೆಂಬರ್‌ನಿಂದ ನವೆಂಬರ್, ಮತ್ತೆ ಮಾರ್ಚ್–ಏಪ್ರಿಲ್, ವಲಸೆಯ ಈ ಎರಡು ಅವಧಿಯಲ್ಲಿ ಮಂಜು ಇಳಿದ ರಾತ್ರಿ ಹೊರದೀಪ ಪೂರ್ತಿ ಆರಿಸಿಬಿಡಿ.

ನವರಂಗವೋ ಬೇರೆ ಹಕ್ಕಿಯೋ ರಾತ್ರಿ ಮನೆಯೊಳಗೆ ಬಂದರೆ ಫ್ಯಾನು ಆರಿಸಿ, ಬೆಕ್ಕನ್ನು ಹೊರಗೆ ಹಾಕಿ, ಒಂದು ಮಂದ ದೀಪ ಬಿಟ್ಟು ಉಳಿದದ್ದೆಲ್ಲ ಆರಿಸಿ. ತೆಳು ಹತ್ತಿಬಟ್ಟೆ ಮೇಲೆ ಹೊದಿಸಿ, ರೆಕ್ಕೆಗಳು ಮೈಗಂಟಿರುವಂತೆ ಮೆಲ್ಲಗೆ ಎತ್ತಿಕೊಳ್ಳಿ. ಶೂ ಡಬ್ಬಿಯಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಗೆ ಗಾಳಿಯ ತೂತು ಮಾಡಿ, ತಳಕ್ಕೆ ಬಟ್ಟೆ ಹಾಸಿ ಒಳಗಿಡಿ. ಟರ್ಕಿ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬಾಯಿಗೆ ನೀರು ಬಿಡಬೇಡಿ, ತಿನ್ನಿಸಬೇಡಿ, ಪದೇ ಪದೇ ತೆರೆದು ನೋಡಬೇಡಿ. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ, ನಿಲ್ಲಲಾಗದಿದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೋ ಪಶುವೈದ್ಯರಿಗೋ ತಿಳಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಗಾಯವಿಲ್ಲದಿದ್ದರೆ ಬೆಳಕು ಹರಿಯುವವರೆಗೆ ಕಾಯಿರಿ. ಗಾಜಿನಿಂದ ದೂರ, ಪೊದೆಯ ಪಕ್ಕ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದು ಹತ್ತು ಹೆಜ್ಜೆ ಹಿಂದೆ ಸರಿಯಿರಿ. ನವರಂಗ ನೆಲದ ತರಗೆಲೆ ಕೆದಕಿ ಹುಳು ತಿನ್ನುವ ಹಕ್ಕಿ. ಹಾರಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಕುಪ್ಪಳಿಸಿಕೊಂಡು ಪೊದೆಯೊಳಗೆ ಹೋಗಿ ಎಲೆ ಕೆದಕತೊಡಗಿದರೆ ಅದು ಚೆನ್ನಾಗಿಯೇ ಇದೆ.